ಅಮ್ಮನಿಗೆ ಒಳಗಿನ ಕರೆಂಟ್ ಯಾಕೆ ಬೇಕು?

ಗರ್ಭಕಂಠದ ಕ್ಯಾನ್ಸರ್‌ಗೆ ಐದು ವಾರ ಹೊರಗಿನಿಂದ ರೇಡಿಯೇಷನ್ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ರಕ್ತಸ್ರಾವ ನಿಂತಿರುತ್ತದೆ, ನೋವೂ ಇಳಿದಿರುತ್ತದೆ. ಅಷ್ಟರಲ್ಲಿ ಡಾಕ್ಟರು 'ಇನ್ನು ಒಳಗಿನ ಕರೆಂಟ್ ಬಾಕಿ ಇದೆ' ಎನ್ನುತ್ತಾರೆ. ಕರೆಂಟ್ ಎಂದರೆ ಆಡುಮಾತಿನಲ್ಲಿ ರೇಡಿಯೇಷನ್, ಅಂದರೆ ವಿಕಿರಣ; ಅದನ್ನು ದೇಹದ ಒಳಗಿನಿಂದ ಕೊಡುವ ಬ್ರಾಕಿಥೆರಪಿಯೇ ಒಳಗಿನ ಕರೆಂಟ್. 'ಈಗ ಆರಾಮಾಗಿದ್ದಾರಲ್ಲ, ವಯಸ್ಸಾದವರಿಗೆ ಮತ್ಯಾಕೆ ಹಿಂಸೆ' ಎಂದು ಮನೆಯವರು ಊರಿಗೆ ಕರೆದುಕೊಂಡು ಹೋಗಿಬಿಡುವುದು ಇದೇ ಹಂತದಲ್ಲಿ. ಈ ಚಿಕಿತ್ಸೆಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಇಲ್ಲ.

ಲೆಕ್ಕ ಸರಳ. ಹೊರಗಿನಿಂದ ಸಿಗುವುದು ಸುಮಾರು 45ರಿಂದ 50 ಗ್ರೇ (ವಿಕಿರಣ ಅಳೆಯುವ ಮಾನ). ಗಡ್ಡೆಯನ್ನು ಬೇರುಸಹಿತ ಕೊಲ್ಲಲು ಒಟ್ಟು 80-85 ಗ್ರೇಗೆ ಸಮನಾದ ಪ್ರಮಾಣ ಬೇಕು. ಉಳಿದದ್ದನ್ನೂ ಹೊರಗಿನಿಂದಲೇ ಸುರಿದರೆ ದಾರಿಯಲ್ಲಿರುವ ಕರುಳು, ಮೂತ್ರಕೋಶ, ಗುದನಾಳ ಸುಟ್ಟುಹೋಗುತ್ತವೆ. ಹಾಗಾಗಿ ವಿಕಿರಣದ ಮೂಲವನ್ನೇ ಗಡ್ಡೆಯ ನಡುವೆ ಇಡುತ್ತಾರೆ. ದೂರ ಎರಡು ಪಟ್ಟಾದರೆ ವಿಕಿರಣ ಹೆಚ್ಚುಕಡಿಮೆ ಕಾಲುಭಾಗಕ್ಕೆ, ನಾಲ್ಕು ಪಟ್ಟಾದರೆ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಬ್ರಾಕಿಥೆರಪಿಯ ಬಲವೆಲ್ಲ ಇಷ್ಟರಲ್ಲೇ ಇದೆ.

ಮೂಲವೆಂದರೆ ಸಾಮಾನ್ಯವಾಗಿ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹ. ಉದ್ದ ಮೂರೂವರೆ ಮಿಲಿಮೀಟರ್ ಆಸುಪಾಸು, ದಪ್ಪ ಒಂದು ಮಿಲಿಮೀಟರಿನ ಒಳಗೆ, ಅಕ್ಕಿಕಾಳಿಗಿಂತ ಚಿಕ್ಕದು. ತೆಳು ತಂತಿಯೊಂದರ ತುದಿಗೆ ಬೆಸೆದು, ಸೀಸದಂಥ ಭಾರ ಲೋಹದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅದರ ಅರ್ಧಾಯುಷ್ಯ 74 ದಿನ, ಅಂದರೆ ಅಷ್ಟರಲ್ಲಿ ಅದರ ಬಲ ಅರ್ಧಕ್ಕಿಳಿಯುತ್ತದೆ. ಹೊಸದರಲ್ಲಿ ಏಳು ನಿಮಿಷ ಹಿಡಿದ ಚಿಕಿತ್ಸೆಗೆ ಎರಡೂವರೆ ತಿಂಗಳ ನಂತರ ಹದಿನಾಲ್ಕು ನಿಮಿಷ ಬೇಕು. 'ಪಕ್ಕದ ಬೆಡ್‌ನವರಿಗಿಂತ ನಮ್ಮಮ್ಮನಿಗೆ ಜಾಸ್ತಿ ಹೊತ್ತು ಕೊಟ್ಟರು' ಎಂದು ಗಾಬರಿಯಾಗಬೇಕಿಲ್ಲ. ಮೂರು-ನಾಲ್ಕು ತಿಂಗಳಿಗೊಮ್ಮೆ ಮೂಲವನ್ನು ಬದಲಿಸುತ್ತಾರೆ. ಕೋಬಾಲ್ಟ್-60 ಬಳಸುವ ಆಸ್ಪತ್ರೆಗಳಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ.

ಆ ದಿನ ಅಮ್ಮ ಖಾಲಿ ಹೊಟ್ಟೆಯಲ್ಲಿರಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟು ಮೂತ್ರದ ಪೈಪ್ ಹಾಕುತ್ತಾರೆ. ಗರ್ಭಕೋಶದ ಆಳ ಅಳೆದು ಒಂದು ಬಾಗಿದ ಕೊಳವೆಯನ್ನು ಒಳಗೆ ಸೇರಿಸಿ, ಗರ್ಭಕಂಠದ ಎರಡೂ ಬದಿಗೆ ಗುಂಡನೆಯ ಎರಡು ತುಂಡು, ಇಲ್ಲವೇ ಒಂದು ಉಂಗುರ ಕೂರಿಸುತ್ತಾರೆ. ಆಮೇಲೆ ಗಾಜ್ ಬಟ್ಟೆ ತುರುಕುತ್ತಾರೆ. ಕಾಣಲು ಮಾಮೂಲಿ ಕೆಲಸ. ಆದರೆ ಮೂತ್ರಕೋಶವನ್ನೂ ಗುದನಾಳವನ್ನೂ ಆಚೆ ದೂಡುವುದು ಈ ಬಟ್ಟೆಯೇ. ಇಲ್ಲಿ ಅರ್ಧ ಸೆಂಟಿಮೀಟರ್ ಗಳಿಸಿದರೂ ದೊಡ್ಡ ಲಾಭ. ಬಳಿಕ ಸಿಟಿ ಅಥವಾ ಎಂಆರ್‌ಐ. ವೈದ್ಯರು ಮತ್ತು ಭೌತವಿಜ್ಞಾನಿ ಕೂತು ಮೂಲ ಎಲ್ಲೆಲ್ಲಿ ಎಷ್ಟು ಸೆಕೆಂಡ್ ನಿಲ್ಲಬೇಕೆಂದು ಲೆಕ್ಕ ಹಾಕಲು ಒಂದೆರಡು ಗಂಟೆ ಹಿಡಿಯಬಹುದು. ಅಷ್ಟು ಹೊತ್ತೂ ಮಿಸುಕದೆ ಮಲಗುವುದೇ ನಿಜವಾದ ಕಷ್ಟ, ಅದರಲ್ಲೂ ಸೊಂಟನೋವಿನವರಿಗೆ. ನೋವಿನ ಔಷಧ ಕೇಳಲು ಸಂಕೋಚ ಬೇಡ. ಕೊನೆಗೆ ಮೊದಲು ಖಾಲಿ ತಂತಿ ಹೋಗಿ ದಾರಿ ನೋಡಿ ಬರುತ್ತದೆ, ನಂತರ ಅಸಲಿ ಮೂಲ. ಕೋಣೆಯಲ್ಲಿ ಅಮ್ಮ ಒಬ್ಬರೇ; ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಾ ಮೈಕಿನಲ್ಲಿ ಮಾತಾಡುತ್ತಾರೆ. ಇದೇ ಕ್ರಮ ಕೆಲವು ದಿನಗಳ ಅಂತರದಲ್ಲಿ ಮತ್ತೆ: ಕೆಲವೆಡೆ 7 ಗ್ರೇಯಂತೆ ನಾಲ್ಕು ಬಾರಿ, ಕೆಲವೆಡೆ 9 ಗ್ರೇಯಂತೆ ಎರಡು ಬಾರಿ. ಒಮ್ಮೆಗೇ ದೊಡ್ಡ ಪ್ರಮಾಣ ಕೊಡುವುದರಿಂದ ಇದರ ಪರಿಣಾಮ ಬರೀ ಅಂಕಿಗಿಂತ ಹೆಚ್ಚು; 'ಸಮನಾದ' ಎಂದದ್ದು ಅದಕ್ಕೇ.

ಎಡವಟ್ಟಾಗುವುದೂ ಉಂಟು. ವಯಸ್ಸಾದವರ ಗರ್ಭಕೋಶ ಕುಗ್ಗಿರುತ್ತದೆ, ಗಡ್ಡೆ ಬಾಯನ್ನು ಮುಚ್ಚಿರುತ್ತದೆ. ಕೊಳವೆ ದಾರಿ ತಪ್ಪಿ ಗೋಡೆ ತೂತಾಗಬಹುದು. ಅಲ್ಟ್ರಾಸೌಂಡ್ ನೋಡುತ್ತಾ ಹಾಕಿದರೆ ಈ ಅಪಾಯ ಕಡಿಮೆ. ತೂತಾದದ್ದು ಸ್ಕ್ಯಾನಿನಲ್ಲಿ ಕಂಡರೆ ಸಾಮಾನ್ಯವಾಗಿ ಅಂದು ನಿಲ್ಲಿಸಿ, ಆ್ಯಂಟಿಬಯಾಟಿಕ್ ಕೊಟ್ಟು ಇನ್ನೊಂದು ದಿನ ಮಾಡುತ್ತಾರೆ. ಸ್ಕ್ಯಾನಿನಿಂದ ಚಿಕಿತ್ಸೆಯ ಕೋಣೆಗೆ ಸಾಗಿಸುವಾಗ ಕೊಳವೆ ಜರುಗಿದರೆ ಹಾಕಿದ ಲೆಕ್ಕವೆಲ್ಲ ನೀರುಪಾಲು. ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಕೆಲವು ದಿನ ಮೊದಲೇ ಹೇಳಬೇಕು. ಬೆನ್ನಿನ ಚುಚ್ಚುಮದ್ದಿಗೆ ಅದು ಅಡ್ಡಿ.

ಮನೆಯವರು ಎಣಿಸಬೇಕಾದ ಅಂಕಿ ಒಂದೇ: 8 ವಾರ. ಮೊದಲ ದಿನದ ರೇಡಿಯೇಷನ್‌ನಿಂದ ಕೊನೆಯ ಬ್ರಾಕಿಥೆರಪಿವರೆಗೆ ಇಷ್ಟರಲ್ಲಿ ಮುಗಿಯಬೇಕು. ತಡವಾದಷ್ಟೂ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಹೊರಗಿನ ರೇಡಿಯೇಷನ್ ಕೊಡುವ ಎಲ್ಲ ಆಸ್ಪತ್ರೆಗಳಲ್ಲೂ ಬ್ರಾಕಿಥೆರಪಿ ಯಂತ್ರ ಇರುವುದಿಲ್ಲ. ಅದನ್ನು ಮೊದಲ ದಿನವೇ ವಿಚಾರಿಸಿ, ಇಲ್ಲದಿದ್ದರೆ ಮೂರನೇ ವಾರದೊಳಗೆ ಬೇರೆಡೆ ದಿನ ಗೊತ್ತುಮಾಡಿಕೊಳ್ಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಸ್ಪತ್ರೆ ಬದಲಾದರೆ ಅನುಮತಿಯನ್ನೂ ಹೊಸದಾಗಿ ಪಡೆಯಬೇಕೇ ಎಂದು ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಅಮ್ಮನ ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ. ಮೊಮ್ಮಕ್ಕಳು ತೊಡೆಯೇರಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ಕುಡಿಸುವ ಅಯೋಡಿನ್-131, ಅಪ್ಪಂದಿರ ಪ್ರಾಸ್ಟೇಟ್‌ನಲ್ಲಿ ಶಾಶ್ವತವಾಗಿ ಹೂಳುವ ಅಯೋಡಿನ್-125 ಬೀಜಗಳ ಕಥೆ ಬೇರೆ. ದೂರವಿರುವ ನಿಯಮ ಅವಕ್ಕೆ.

ಯೋನಿಯ ಗೋಡೆ ಅಂಟಿಕೊಂಡು ಕಿರಿದಾಗದಂತೆ ವಾರಕ್ಕೆ ಎರಡು-ಮೂರು ಬಾರಿ ಡೈಲೇಟರ್ (ಒಳಗೆ ಸೇರಿಸಿ ದಾರಿ ತೆರೆದಿಡುವ ನಯವಾದ ಸಾಧನ) ಬಳಸಲು ಹೇಳುತ್ತಾರೆ. ಮಗನೆದುರು ಅಮ್ಮ ಇದನ್ನು ಕೇಳುವುದಿಲ್ಲ. ಮಗಳೋ ಸೊಸೆಯೋ ನರ್ಸ್‌ ಬಳಿ ಕೂತು ತಿಳಿದುಕೊಳ್ಳಲಿ. 'ಈ ವಯಸ್ಸಿಗೆ ಯಾಕೆ' ಎನ್ನುವಂತಿಲ್ಲ, ದಾರಿ ಮುಚ್ಚಿದರೆ ಡಾಕ್ಟರಿಗೆ ಮುಂದೆ ಪರೀಕ್ಷೆ ಮಾಡಲಾಗದು. ಚಿಕಿತ್ಸೆ ಮುಗಿದ ಆರು ತಿಂಗಳಿಂದ ಎರಡು ವರ್ಷದ ನಡುವೆ ಮಲದಲ್ಲಿ ರಕ್ತ ಕಂಡರೆ ಅದು ವಿಕಿರಣದ ಪರಿಣಾಮವಿರಬಹುದು, ಮೂಲವ್ಯಾಧಿ ಎಂದು ಊರಿನಲ್ಲೇ ಔಷಧ ಮಾಡಬೇಡಿ. ಯಾರೇ ಎಂಡೋಸ್ಕೋಪಿ (ಕೊಳವೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡುವ ಮೊದಲು ರೇಡಿಯೇಷನ್ ಕಾಗದ ತೋರಿಸಿ. ವಿಕಿರಣ ತಾಗಿದ ಗುದನಾಳದ ಮುಂಗೋಡೆಯಿಂದ ಬಯಾಪ್ಸಿಗೆಂದು ಚೂರು ತೆಗೆದರೆ ಆ ಗಾಯ ಮಾಯದೆ ಯೋನಿಗೇ ತೂತು ಬಿದ್ದೀತು.