ಬೆಚ್ಚಗಾಗಲಿ ಅಂತ ಹಕ್ಕಿಗಳೇ ಕಾಯುವುದಿಲ್ಲ, ನೀವ್ಯಾಕೆ ಕಾಯುತ್ತೀರಿ?

ಪ್ರಶ್ನೆ: ಚಳಿಗಾಲ ಮುಗಿಯುತ್ತಾ ಬಂದಿದೆ, ಸಂಜೆ ಬೆಳಕು ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ. ಈಗಲೇ ಹಕ್ಕಿ ನೋಡಲು ಶುರು ಮಾಡಬಹುದಾ, ಇಲ್ಲಾ ಬೆಚ್ಚಗಾಗುವವರೆಗೆ ಕಾಯಬೇಕಾ?

ಕಾಯಬೇಡಿ. ಇವತ್ತೇ ಹೋಗಿ. ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಹೊರಗೆ ಬನ್ನಿ, ಪೂರ್ತಿ ಕತ್ತಲಾಗುವವರೆಗೆ ಒಂದೇ ಕಡೆ ಸುಮ್ನೆ ನಿಲ್ಲಿ. ಚಳಿ ರಾತ್ರಿಯೊಂದನ್ನು ಕಳೆಯುವಷ್ಟರಲ್ಲಿ ಸಣ್ಣ ಹಕ್ಕಿಯ ಮೈತೂಕ ಹತ್ತರಲ್ಲಿ ಒಂದು ಪಾಲಿನವರೆಗೂ ಇಳಿಯಬಹುದು. ಅದಕ್ಕೇ ಕತ್ತಲಾಗುವ ಮುಂಚೆ ಅವು ಗಡಿಬಿಡಿಯಲ್ಲಿ ಮೇಯುತ್ತವೆ. ಆಮೇಲೆ ರಾತ್ರಿ ತಂಗುವ ಮರಕ್ಕೆ ಬಂದು ಜಾಗಕ್ಕಾಗಿ ಜಗಳ ಆಡುತ್ತವೆ. ಕಾಗೆಗಳು ಸಾಲಾಗಿ ಹೋಗುವುದು, ಪೊದೆಯೊಳಗೆ ಗುಬ್ಬಿಗಳ ಗಲಾಟೆ ಏರಿ ಏರಿ ಒಮ್ಮೆಲೇ ನಿಲ್ಲುವುದು, ಎಲ್ಲ ಆ ಒಂದು ಗಂಟೆಯೊಳಗೆ ಸಿಗುತ್ತದೆ. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ.

ಉತ್ತರ ಇಷ್ಟೇ. ಆದರೆ ಈ ಪ್ರಶ್ನೆಯ ಬೆನ್ನಿಗೇ ಒಂದು ನಂಬಿಕೆ ಅಂಟಿಕೊಂಡು ಬರುತ್ತದೆ. ಅದಕ್ಕೆ ಎಷ್ಟು ಸಲ ಉತ್ತರ ಬರೆದರೂ ಅದು ಹೋಗುತ್ತಿಲ್ಲ: ಬೆಚ್ಚಗಾದ ಮೇಲೆ ಹಕ್ಕಿಗಳಿಗೆ ಖುಷಿ, ಖುಷಿಗೆ ಹಾಡು. ಅಲ್ಲ. ಹಾಡಿಗೆ ಮೊದಲ ಕರೆ ಕೊಡುವುದು ಬಿಸಿ ಅಲ್ಲ, ಬೆಳಕು. ಹಗಲು ಎಷ್ಟು ಉದ್ದವಾಯಿತು ಎನ್ನುವುದೇ ಲೆಕ್ಕ.

ಇದು ನನ್ನ ಊಹೆಯಲ್ಲ. ಸುಮಾರು ನೂರು ವರ್ಷದ ಹಿಂದೆ ತೋರಿಸಿಕೊಟ್ಟ ವಿಷಯ. 1924ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಜುಂಕೊ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಹಿಡಿದು ಬಯಲಿನ ಪಂಜರಗಳಲ್ಲಿ ಇಟ್ಟರು. ಒಂದು ಪಂಜರಕ್ಕೆ ಬಲ್ಬ್ ಹಾಕಿ, ದಿನದಿನಕ್ಕೂ ಕೆಲವೇ ನಿಮಿಷ ಬೆಳಕು ಹೆಚ್ಚಿಸುತ್ತಾ ಹೋದರು. ಇನ್ನೊಂದಕ್ಕೆ ಬಲ್ಬ್ ಇಲ್ಲ. ಚಳಿ ಮಾತ್ರ ಎರಡಕ್ಕೂ ಒಂದೇ, ಸೊನ್ನೆಗಿಂತ ಎಷ್ಟೋ ಕೆಳಗೆ. ಆ ನಡುಚಳಿಯಲ್ಲೇ ಬಲ್ಬಿನ ಕೆಳಗಿದ್ದ ಗಂಡುಗಳ ವೃಷಣ ವಸಂತದಲ್ಲಿ ಬೆಳೆಯುವಷ್ಟು ಬೆಳೆದಿತ್ತು. ಬಲ್ಬ್ ಇಲ್ಲದವುಗಳದ್ದು ಕುಗ್ಗಿಯೇ ಇತ್ತು. ಬಿಸಿಯೇ ಕಾರಣವಾಗಿದ್ದರೆ ಎರಡೂ ಪಂಜರದಲ್ಲಿ ಏನೂ ಆಗಬಾರದಿತ್ತು, ಅಲ್ವಾ?

ಇದಕ್ಕಿಂತ ಬೆರಗಿನ ಸಂಗತಿ ನಮ್ಮ ಗುಬ್ಬಚ್ಚಿಯದ್ದು. ಹಗಲಿನ ಉದ್ದ ಅಳೆಯಲು ಅದಕ್ಕೆ ಕಣ್ಣೇ ಬೇಕಿಲ್ಲ. ಮೈಕೆಲ್ ಮೆನಾಕರ್ ಮತ್ತು ಅವರ ಜೊತೆಗಾರರು 1970ರ ಹೊತ್ತಿಗೆ ಇದನ್ನು ತೋರಿಸಿದರು. ಕಣ್ಣಿಲ್ಲದ ಗುಬ್ಬಿಗಳೂ ಉದ್ದ ಹಗಲಿಗೆ ಸ್ಪಂದಿಸಿದವು. ಮಂದ ಬೆಳಕಿನಲ್ಲಿ, ನೆತ್ತಿಯ ಗರಿ ಕಿತ್ತ ಗುಬ್ಬಿಗಳು ಸ್ಪಂದಿಸಿದವು. ನೆತ್ತಿಯ ಚರ್ಮದ ಕೆಳಗೆ ಕಪ್ಪು ಶಾಯಿ ತುಂಬಿಸಿದ ಗುಬ್ಬಿಗಳು ಸ್ಪಂದಿಸಲಿಲ್ಲ. ಅಂದರೆ ಬೆಳಕು ತೆಳುವಾದ ತಲೆಬುರುಡೆ ದಾಟಿ ನೇರ ಮಿದುಳಿಗೆ ಇಳಿಯುತ್ತದೆ. ಅಲ್ಲಿಂದ ಹಾರ್ಮೋನುಗಳ ಸರಪಳಿ ಶುರುವಾಗುತ್ತದೆ. ಗಂಡಿನ ವೃಷಣ ನೂರಾರು ಪಟ್ಟು ಹಿಗ್ಗುತ್ತದೆ, ಅದರ ಹಿಂದೆಯೇ ಹಾಡು.

"ಸಮಭಾಜಕ ವೃತ್ತದ ಹತ್ತಿರ ಹಗಲು ಅಷ್ಟೇನೂ ಹಿಗ್ಗುವುದಿಲ್ಲವಲ್ಲ?" ಇದು ಮುಂದಿನ ವಾದ, ಒಳ್ಳೆಯ ವಾದವೇ. ಪನಾಮದ ಕಾಡಿನಲ್ಲಿ ವರ್ಷದ ಅತಿ ಉದ್ದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಬರೀ ಒಂದು ಗಂಟೆಯಷ್ಟೇ ಅಂತರ. ಅಲ್ಲಿನ ಒಂದು ಪುಟ್ಟ ಆಂಟ್‌ಬರ್ಡ್ ಹಗಲು 17 ನಿಮಿಷ ಹೆಚ್ಚಾದದ್ದನ್ನೂ ಗುರುತಿಸಿ ತಯಾರಾಗುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಹದಿನೇಳೇ ನಿಮಿಷ!

ಹಾಗಂತ ಬಿಸಿಗೆ ಏನೂ ಕೆಲಸವಿಲ್ಲ ಎಂದಲ್ಲ. ಯಾವ ವಾರ ಮೊಟ್ಟೆ ಇಡಬೇಕು ಎನ್ನುವಂಥ ಕೊನೆಯ ಹೊಂದಾಣಿಕೆಗೆ ಹವೆ, ಮಳೆ, ಹುಳುಹುಪ್ಪಟೆ ಎಲ್ಲ ಸೇರುತ್ತವೆ. ಆದರೆ ನಂಬಿ ಕೂರಲು ಹವೆ ಆಗುವುದಿಲ್ಲ. ಚಳಿಗಾಲದ ನಡುವೆ ನಾಲ್ಕು ದಿನ ಸೆಕೆ ಬಂದು ಹೋಗಬಹುದು. ಹಗಲು ಹಾಗೆ ಮೋಸ ಮಾಡುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಗಂಡು ಗುಬ್ಬಿಯನ್ನು ಹತ್ತಿರದಿಂದ ನೋಡಿ. ಚಳಿಗಾಲದಲ್ಲಿ ಅದರ ಕೊಕ್ಕು ಕಂದು, ಬುಡದಲ್ಲಿ ತುಸು ಹಳದಿ. ಹಗಲು ಉದ್ದವಾಗುತ್ತಾ ಹೋದಂತೆ, ಅದೇ ಗಂಡು ಹಾರ್ಮೋನಿನಿಂದ, ಕೊಕ್ಕು ಕಪ್ಪಾಗುತ್ತದೆ. ಕೊನೆಗೆ ಇದ್ದಿಲ ಕಪ್ಪು. ಗಂಟಲಿನ ಕಪ್ಪು ಮಚ್ಚೆಯೂ ದೊಡ್ಡದಾದಂತೆ ಕಾಣುತ್ತದೆ, ಆದರೆ ಅಲ್ಲಿ ಹೊಸ ಗರಿ ಒಂದೂ ಬಂದಿರುವುದಿಲ್ಲ. ಮೊದಲು ಆ ಗರಿಗಳಿಗೆ ಬೂದು ತುದಿ ಇತ್ತು. ತಿಂಗಳುಗಟ್ಟಲೆ ಸವೆದು ಅದು ಉದುರಿದೆ, ಅಡಿಯ ಕಪ್ಪು ಹೊರಗೆ ಬಂದಿದೆ. ನನಗಂತೂ ಪ್ರತಿ ವರ್ಷ ಮೊದಲ ಕಪ್ಪು ಕೊಕ್ಕು ಕಂಡ ಸಂಜೆಯೇ ಹಬ್ಬ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬೆಳಗಿಗಿಂತ ಮೊದಲು ಸಂಜೆಗೇ ಯಾಕೆ ಬೆಳಕು ಸೇರಿಕೊಳ್ಳುತ್ತದೆ? ಉತ್ತರಾರ್ಧ ಗೋಳದಲ್ಲಿ ಡಿಸೆಂಬರ್ 21-22ರ ಹಗಲು ವರ್ಷದಲ್ಲೇ ಗಿಡ್ಡ. ಆದರೆ ಸೂರ್ಯ ಬೇಗ ಮುಳುಗುವ ದಿನ ಅದಕ್ಕಿಂತ ಮುಂಚೆಯೇ ಬಂದು ಹೋಗಿರುತ್ತದೆ, ತಡವಾಗಿ ಹುಟ್ಟುವ ದಿನ ಅದಾದ ಮೇಲೆ ಬರುತ್ತದೆ. ಭೂಮಿ ವಾಲಿಕೊಂಡಿದೆ. ಜೊತೆಗೆ ಆ ಹೊತ್ತಿನಲ್ಲಿ ಸೂರ್ಯನಿಗೆ ಹತ್ತಿರವಿದ್ದು ಜೋರಾಗಿ ಸುತ್ತುತ್ತದೆ. ಎರಡೂ ಸೇರಿ, ಸೂರ್ಯ ನೆತ್ತಿಯ ನೇರಕ್ಕೆ ಬರುವ ಹೊತ್ತು ದಿನಕ್ಕೆ ಸುಮಾರು 30 ಸೆಕೆಂಡಿನಂತೆ ಮುಂದಕ್ಕೆ ಜಾರುತ್ತದೆ. ಎರಡು ವಾರಕ್ಕೆ ಏಳು ನಿಮಿಷ. ಬೆಳಗು, ಸಂಜೆ ಎರಡೂ ಅದರ ಜೊತೆಗೇ ಜಾರುತ್ತವೆ.

ಹಕ್ಕಿ ಬೆಳಗು-ಸಂಜೆ ಎಂದು ಬೇರೆ ಮಾಡದೆ ಇಡೀ ಹಗಲನ್ನೇ ಅಳೆಯುತ್ತದೆ. ಗಡಿಯಾರ ನೋಡಿ ಕೆಲಸ ಬಿಡುವ ನಮಗೆ ಮಾತ್ರ ಆ ಏಳು ನಿಮಿಷ ಸಂಜೆಯ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಬೇಗ ಏಳಲು ಆಗಲ್ಲ ಎನ್ನುವವರು ಅದನ್ನೇ ಹಿಡಿದುಕೊಳ್ಳಿ. ಒಂದೇ ಜಾಗ, ವಾರಕ್ಕೆರಡು ಸಂಜೆ. ಕೊನೆಯ ಕೂಗು ಎಷ್ಟು ಗಂಟೆಗೆ ಕೇಳಿತು, ಗುಬ್ಬಿಯ ಕೊಕ್ಕು ಎಷ್ಟು ಕಪ್ಪಾಗಿತ್ತು ಎಂದು ತಾರೀಖು ಹಾಕಿ ಬರೆದಿಡಿ.