ವಿಮೆ ಜಾಲತಾಣಕ್ಕೆ ಯಾವ ಮಾಹಿತಿ, ಯಾವ ಹಂತದಲ್ಲಿ?

ಬ್ಯಾಂಕ್ ಕಾರ್ಡಿನ ನಂಬರು ಕಳ್ಳರ ಕೈಗೆ ಸಿಕ್ಕರೆ ಆ ಕಾರ್ಡು ರದ್ದು ಮಾಡಿಸಿ ಹೊಸದು ತರಿಸಬಹುದು. ಹತ್ತು ವರ್ಷದ ಹಿಂದೆ ಖಿನ್ನತೆಗೆ ಔಷಧ ತೆಗೆದುಕೊಂಡದ್ದನ್ನು, ಹೆರಿಗೆಯಲ್ಲಾದ ತೊಡಕನ್ನು, ರಕ್ತಪರೀಕ್ಷೆಯ ಫಲಿತಾಂಶವನ್ನು ಹಾಗೆ ರದ್ದು ಮಾಡಿಸಲು ಆಗುವುದಿಲ್ಲ. ಆರೋಗ್ಯ ವಿಮೆಯ ಜಾಲತಾಣದಲ್ಲಿ ಇವೆಲ್ಲ ನಿಮ್ಮ ವಿಳಾಸ, ಮೊಬೈಲ್ ನಂಬರು, ಬ್ಯಾಂಕ್ ಖಾತೆಯ ಪಕ್ಕದಲ್ಲೇ ಕೂತಿರುತ್ತವೆ. ಕಂಪನಿಯ ಸರ್ವರ್ ಭದ್ರವಾಗಿದೆಯೇ ಎಂಬುದು ನಿಮ್ಮ ಕೈಯಲ್ಲಿಲ್ಲ. ಯಾವ ಹಂತದಲ್ಲಿ ಎಷ್ಟು ಕೊಡುತ್ತೀರಿ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ಮೊದಲ ಸೋರಿಕೆ ಲಾಗಿನ್ ಆಗುವ ಮುಂಚೆಯೇ ಆಗುತ್ತದೆ. ಪ್ರೀಮಿಯಂ ಎಷ್ಟಾಗಬಹುದು ಎಂಬ ಅಂದಾಜಿಗೆ ಬೇಕಾದದ್ದು ವಯಸ್ಸು, ಮನೆಯಲ್ಲಿ ಎಷ್ಟು ಜನ, ವಾಸದ ಪ್ರದೇಶ, ವಿಮೆಯ ಮೊತ್ತ, ಕೆಲವೆಡೆ ತಂಬಾಕಿನ ಅಭ್ಯಾಸ. ಹೆಸರಾಗಲಿ ಫೋನ್ ನಂಬರಾಗಲಿ ಆ ಲೆಕ್ಕಕ್ಕೆ ಬೇಕಿಲ್ಲ. ನಂಬರು ಕೇಳುವುದು ಮುಂದೆ ಕರೆ ಮಾಡುವುದಕ್ಕೆ. ಹಲವು ಕಂಪನಿಗಳ ದರವನ್ನು ಹೋಲಿಸಿ ತೋರಿಸುವ ತಾಣಗಳು ಸಾಮಾನ್ಯವಾಗಿ ವಿಮಾ ಕಂಪನಿಗಳೇ ಅಲ್ಲ; ಅವುಗಳಲ್ಲಿ ಕೆಲವಕ್ಕೆ ಗ್ರಾಹಕರ ವಿವರವನ್ನು ಏಜೆಂಟರಿಗೆ ದಾಟಿಸುವುದೇ ಆದಾಯ. ಫಾರಂನ ಅಡಿಯಲ್ಲಿ ‘ನಮ್ಮ ಪಾಲುದಾರರು ಸಂಪರ್ಕಿಸಲು ಒಪ್ಪಿಗೆ’ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿದ್ದರೆ ತೆಗೆಯಿರಿ. ತೆಗೆದರೆ ಫಾರಂ ಮುಂದಕ್ಕೇ ಹೋಗದಿದ್ದರೆ ಆ ತಾಣವನ್ನೇ ಬಿಟ್ಟು ನೇರವಾಗಿ ಕಂಪನಿಯ ತಾಣಕ್ಕೆ ಹೋಗುವುದು ಲೇಸು. ‘ಸಲ್ಲಿಸು’ ಗುಂಡಿ ಒತ್ತುವ ತನಕ ಏನೂ ಹೋಗುವುದಿಲ್ಲ ಎಂದುಕೊಳ್ಳಬೇಡಿ. ಟೈಪ್ ಮಾಡುತ್ತಿರುವಾಗಲೇ ಅಕ್ಷರಗಳನ್ನು ಕಳಿಸಿಬಿಡುವ ಫಾರಂಗಳಿವೆ. ಅರ್ಧಕ್ಕೆ ಬಿಟ್ಟು ಬಂದ ಮೇಲೂ ಫೋನ್ ರಿಂಗಾಗುವುದಕ್ಕೆ ಇದೂ ಒಂದು ಕಾರಣ.

ಪಾಲಿಸಿಗೆ ನಿಜವಾಗಿ ಅರ್ಜಿ ಹಾಕುವಾಗ ಮಾತು ಬೇರೆ. ಪ್ರೊಪೋಸಲ್ ಫಾರಂನಲ್ಲಿ ಕೇಳಿದ ಕಾಯಿಲೆ, ಶಸ್ತ್ರಚಿಕಿತ್ಸೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯಲೇಬೇಕು. ಗುಟ್ಟು ಕಾಯುವುದೆಂದರೆ ಕಾಯಿಲೆ ಮುಚ್ಚಿಡುವುದಲ್ಲ. ಮುಚ್ಚಿಟ್ಟದ್ದು ಹೊರಬಿದ್ದರೆ ಕ್ಲೇಮು ತಿರಸ್ಕಾರವಾಗಬಹುದು, ಪಾಲಿಸಿಯೂ ರದ್ದಾಗಬಹುದು. ಕೇಳದೇ ಇರುವುದನ್ನು ಬರೆಯುವ ಅಗತ್ಯವೂ ಇಲ್ಲ. ಮಧುಮೇಹದ ಪ್ರಶ್ನೆಗೆ ಇಡೀ ಆಸ್ಪತ್ರೆಯ ಕಡತ ಸ್ಕ್ಯಾನ್ ಮಾಡಿ ಹಾಕುವವರಿದ್ದಾರೆ. ಕೇಳಿದ ವರದಿಯ ಪುಟಗಳಷ್ಟೇ ಸಾಕು. ತುಂಬಿದ ಫಾರಂನ ಒಂದು ಪ್ರತಿಯನ್ನು ಉಳಿಸಿಕೊಳ್ಳಿ. ಮುಂದೆ ‘ನೀವು ಹೇಳಿರಲಿಲ್ಲ’ ಎಂಬ ತಕರಾರು ಬಂದರೆ ಅದೇ ಸಾಕ್ಷಿ.

ತಾಣ ಅಸಲಿಯೋ ನಕಲಿಯೋ ನೋಡುವಾಗ ಬ್ರೌಸರಿನ ಮೇಲ್ಭಾಗದಲ್ಲಿ ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನು ನಂಬಿ ಕೂರಬೇಡಿ. ನಿಮ್ಮ ಯಂತ್ರಕ್ಕೂ ಆ ಸರ್ವರ್‌ಗೂ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ. ಆ ಕಡೆ ಕೂತಿರುವವರು ಯಾರೆಂದು ಬೀಗ ಹೇಳುವುದಿಲ್ಲ. ವಂಚಕರಿಗೂ ಅದು ಉಚಿತವಾಗಿ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿಹ್ನೆಯನ್ನು ಕೈಬಿಟ್ಟಿತು. ವಿಳಾಸ ಓದುವ ಸರಿಯಾದ ಕ್ರಮ ಹಿಂದುಮುಂದು: ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಓದಿ. ‘ಕಂಪನಿಹೆಸರು ಡಾಟ್ ಕಾಮ್ ಡಾಟ್ ಕ್ಲೇಮುಸಹಾಯ ಡಾಟ್ ನೆಟ್’ ಎಂದಿದ್ದರೆ ತಾಣದ ಒಡೆತನ ‘ಕ್ಲೇಮುಸಹಾಯ’ದ್ದು. ಮುಂದಿರುವ ಕಂಪನಿಯ ಹೆಸರು ಬರೀ ಅಲಂಕಾರ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಜಾಹೀರಾತಾಗಿರಬಹುದು. ಆದ್ದರಿಂದ ಪಾಲಿಸಿ ಪತ್ರದ ಮೇಲೆ ಅಚ್ಚಾದ ವಿಳಾಸವನ್ನು ಒಮ್ಮೆ ಕೈಯಾರೆ ಟೈಪ್ ಮಾಡಿ, ಬುಕ್‌ಮಾರ್ಕ್ ಮಾಡಿಟ್ಟುಕೊಂಡು, ಆಮೇಲೆ ಸದಾ ಅದರಿಂದಲೇ ಹೋಗಿ.

ಅಸಲಿ ತಾಣದಿಂದಲೂ ಮಾಹಿತಿ ಹೊರಗೆ ಹರಿಯುತ್ತದೆ, ಅದೂ ಯಾವ ಕಳ್ಳನ ಕೈವಾಡವೂ ಇಲ್ಲದೆ. ಎಷ್ಟು ಜನ ಬಂದರು, ಏನು ಒತ್ತಿದರು ಎಂದು ಎಣಿಸಲು ಕಂಪನಿಗಳು ಬೇರೆಯವರ ಎಣಿಕೆ ಸಾಧನಗಳನ್ನು ಪುಟದೊಳಗೆ ಕೂರಿಸಿಕೊಂಡಿರುತ್ತವೆ. ಅಮೆರಿಕದ ಬ್ಲೂ ಶೀಲ್ಡ್ ಆಫ್ ಕ್ಯಾಲಿಫೋರ್ನಿಯಾ ಎಂಬ ವಿಮಾ ಸಂಸ್ಥೆಯಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಇಂಥದೇ ಎಣಿಕೆ ಸಾಧನದ ಜೋಡಣೆ ತಪ್ಪಿ, 2021ರ ಏಪ್ರಿಲ್‌ನಿಂದ 2024ರ ಜನವರಿವರೆಗೆ ಸದಸ್ಯರ ವಿವರ ಗೂಗಲ್‌ನ ಜಾಹೀರಾತು ವಿಭಾಗಕ್ಕೆ ಹೋಗಿರಬಹುದು ಎಂದು ಸಂಸ್ಥೆಯೇ 2025ರಲ್ಲಿ ತಿಳಿಸಿತು. ಬಾಧಿತರು ಸುಮಾರು 47 ಲಕ್ಷ. ಹೋಗಿರಬಹುದಾದ ವಿವರಗಳಲ್ಲಿ ‘ವೈದ್ಯರನ್ನು ಹುಡುಕಿ’ ಪುಟದಲ್ಲಿ ಜನ ಹುಡುಕಿದ್ದೂ ಸೇರಿತ್ತು. ಯಾವ ತಜ್ಞರನ್ನು ಹುಡುಕಿದರು ಎಂಬುದರಿಂದಲೇ ಕಾಯಿಲೆ ಊಹಿಸಬಹುದು, ಹೆಸರು ಬೇಕಾಗುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ಓದುಗರ ಕಡೆಯಿಂದ ಸಾಧ್ಯವಿಲ್ಲ. ತಗ್ಗಿಸಬಹುದು: ಇಂಥ ಎಣಿಕೆ ಸಾಧನಗಳನ್ನು (ಟ್ರ್ಯಾಕರ್) ತಡೆಯುವ ಬ್ರೌಸರ್ ಅಥವಾ ಬ್ರೌಸರಿಗೆ ಸೇರಿಸುವ ವಿಸ್ತರಣೆ ಬಳಸಿ, ತಾಣ ತೆರೆದಾಗ ಕುಕಿಗೆ ಒಪ್ಪಿಗೆ ಕೇಳುವ ಫಲಕದಲ್ಲಿ ‘ಅಗತ್ಯವಾದವು ಮಾತ್ರ’ ಆರಿಸಿ, ವಿಮೆ ಮತ್ತು ಆಸ್ಪತ್ರೆಯ ಕೆಲಸಕ್ಕೆ ಬೇರೆಯೇ ಒಂದು ಬ್ರೌಸರ್ ಪ್ರೊಫೈಲ್ (ಒಂದೇ ಬ್ರೌಸರಿನೊಳಗಿನ ಪ್ರತ್ಯೇಕ ಖಾತೆ) ಇಟ್ಟುಕೊಳ್ಳಿ, ಅದರಲ್ಲಿ ಸಾಮಾಜಿಕ ಜಾಲತಾಣಕ್ಕೆ ಲಾಗಿನ್ ಆಗಬೇಡಿ. ಖಾಸಗಿ ವಿಂಡೋ ತೆರೆದರೆ ಸಾಕು ಎಂಬುದು ಭ್ರಮೆ. ಅದು ನಿಮ್ಮ ಯಂತ್ರದಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ.

ಲಾಗಿನ್ ವಿಷಯದಲ್ಲಿ ಮೊದಲು ಭದ್ರ ಮಾಡಬೇಕಾದ್ದು ವಿಮೆಯ ಖಾತೆಯನ್ನಲ್ಲ, ಇಮೇಲನ್ನು. ‘ಪಾಸ್‌ವರ್ಡ್ ಮರೆತಿದೆ’ ಒತ್ತಿದಾಗ ಬರುವ ಕೊಂಡಿ ಅಲ್ಲಿಗೇ ತಾನೆ ಬೀಳುವುದು. ಆಮೇಲೆ ವಿಮೆಯ ಖಾತೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2025ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪಾಸ್‌ವರ್ಡ್ ಒಂದನ್ನೇ ನಂಬಿದ ಕಡೆ ಕನಿಷ್ಠ 15 ಅಕ್ಷರ ಇರಬೇಕೆನ್ನುತ್ತದೆ. ಸೋರಿದ ಸುಳಿವಿಲ್ಲದೆ ಆಗಾಗ ಬದಲಾಯಿಸಲು ಒತ್ತಾಯಿಸಬಾರದು ಎಂದೂ ಹೇಳುತ್ತದೆ. ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ತಾಯಿಯ ತವರಿನ ಹೆಸರು, ಮೊದಲ ಶಾಲೆ ಮುಂತಾದ ಭದ್ರತಾ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಬೇಡಿ. ಏನಾದರೊಂದು ಅಸಂಬದ್ಧ ಬರೆದು, ಪಾಸ್‌ವರ್ಡುಗಳನ್ನು ಭದ್ರವಾಗಿ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶದಲ್ಲಿ ಇಟ್ಟುಕೊಳ್ಳಿ.

ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ಎರಡನೇ ಹಂತದ ಪರಿಶೀಲನೆ ಇದ್ದರೆ ಚಾಲೂ ಮಾಡಿ. ಎಸ್‌ಎಂಎಸ್ ಒಟಿಪಿಗಿಂತ 30 ಸೆಕೆಂಡಿಗೊಮ್ಮೆ ಬದಲಾಗುವ ಆ್ಯಪ್‌ನ ಸಂಖ್ಯೆ ಮೇಲು, ಅದಕ್ಕಿಂತ ಪಾಸ್‌ಕೀ (ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ತೆರೆಯುವ ಡಿಜಿಟಲ್ ಕೀಲಿ) ಮೇಲು. ಪಾಸ್‌ಕೀ ತಾಣದ ವಿಳಾಸಕ್ಕೇ ಕಟ್ಟುಬಿದ್ದಿರುವುದರಿಂದ ನಕಲಿ ತಾಣದಲ್ಲಿ ಕೆಲಸವೇ ಮಾಡುವುದಿಲ್ಲ. ನೀವು ಮೋಸಹೋದರೂ ಅದು ಹೋಗದು. ಈ ಎರಡನೇ ಹಂತ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಮೆಡಿಬ್ಯಾಂಕ್ ಎಂಬ ಆರೋಗ್ಯ ವಿಮಾ ಕಂಪನಿಯ ಪ್ರಕರಣ ನೋಡಿ. ಅಲ್ಲಿನ ಖಾಸಗಿತನ ಪ್ರಾಧಿಕಾರ ನ್ಯಾಯಾಲಯದಲ್ಲಿ ಹೇಳಿದಂತೆ, ಗುತ್ತಿಗೆ ನೌಕರರೊಬ್ಬರು ಕಚೇರಿಯ ಕಂಪ್ಯೂಟರಿನಲ್ಲಿ ತಮ್ಮ ಸ್ವಂತ ಬ್ರೌಸರ್ ಪ್ರೊಫೈಲಿಗೆ ಕಂಪನಿಯ ಪಾಸ್‌ವರ್ಡ್ ಉಳಿಸಿದರು. ಅದು ತಾನಾಗಿಯೇ ಅವರ ಸ್ವಂತ ಕಂಪ್ಯೂಟರಿಗೂ ನಕಲಾಯಿತು (ಸಿಂಕ್), ಅಲ್ಲಿದ್ದ ದುಷ್ಟ ತಂತ್ರಾಂಶ ಅದನ್ನು ಕದ್ದಿತು. ದೂರದಿಂದ ಒಳಬರುವ ದಾರಿಗೆ ಎರಡನೇ ಹಂತದ ಬೀಗ ಇರಲಿಲ್ಲ. 2022ರ ಆ ಸೋರಿಕೆಯಲ್ಲಿ ಸಿಕ್ಕಿಬಿದ್ದವರು ಸುಮಾರು 97 ಲಕ್ಷ ಜನ. ಇದರಿಂದ ಬಳಕೆದಾರರು ಎತ್ತಿಕೊಳ್ಳಬೇಕಾದ ಸಣ್ಣ ಪಾಠ: ಕಚೇರಿಯ ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕೇಳಿದಾಗ ಬೇಡ ಎನ್ನಿ.

ಇನ್ನು ಕ್ಲೇಮಿನ ಕಾಗದಪತ್ರ. ಜನ ತೀರಾ ಅಜಾಗರೂಕರಾಗುವುದು ಇಲ್ಲೇ, ಏಕೆಂದರೆ ಅಪ್‌ಲೋಡ್ ಮಾಡುವ ಹೊತ್ತಿಗೆ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿರುತ್ತಾರೆ. ಗುರುತಿನ ಚೀಟಿಯ ನಂಬರನ್ನು ಮರೆಮಾಡಲು ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ನಂಬರು ಅಡಿಯಲ್ಲಿ ಹಾಗೇ ಇರುತ್ತದೆ. ಆ ಭಾಗವನ್ನು ಆಯ್ದು ನಕಲಿಸಿ ಬೇರೆ ಕಡೆ ಅಂಟಿಸಿದರೆ ಅಕ್ಷರ ಹೊರಬರುತ್ತದೆ. ಮೊಬೈಲಿನ ಹೈಲೈಟರ್ ಪೆನ್ನು ಅರೆಪಾರದರ್ಶಕ. ಹೊಳಪು ಹೆಚ್ಚಿಸಿದರೆ ಅಡಿಯ ಅಂಕಿ ಕಾಣುತ್ತದೆ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಬಯಲಾಯಿತು: ಕತ್ತರಿಸಿ ತೆಗೆದ ಭಾಗದ ಮಾಹಿತಿ ಕಡತದ ಬಾಲದಲ್ಲಿ ಉಳಿದುಬಿಡುತ್ತಿತ್ತು, ಅದರಿಂದ ಹಳೆಯ ಚಿತ್ರವನ್ನು ಮತ್ತೆ ಕಟ್ಟಬಹುದಿತ್ತು. ಹೀಗಾಗಿ ನಂಬಬಹುದಾದ ದಾರಿ ಹಳೆಯದೇ. ಕಾಗದದ ನಕಲು ಪ್ರತಿಯ ಮೇಲೆ ಆ ಅಂಕಿಗಳಿಗೆ ಚೀಟಿ ಅಂಟಿಸಿ, ಆಮೇಲೆ ಸ್ಕ್ಯಾನ್ ಮಾಡಿ. ಕಂಪನಿ ಪೂರ್ತಿ ನಂಬರು ಕೇಳಿದ್ದರೆ ಮುಚ್ಚಬೇಡಿ, ಅರ್ಜಿ ವಾಪಸು ಬರುತ್ತದೆ. ಬದಲಿಗೆ ಪ್ರತಿಯ ಮೇಲೆ ಅಡ್ಡಲಾಗಿ ‘ಇಂಥ ಕ್ಲೇಮಿಗೆ ಮಾತ್ರ’ ಎಂದು ದಿನಾಂಕ ಸಮೇತ ಬರೆಯಿರಿ. ಆ ಪ್ರತಿ ಬೇರೆ ಕಡೆ ಸಾಲಕ್ಕೋ ಸಿಮ್‌ಗೋ ಬಳಕೆಯಾಗುವುದು ಕಷ್ಟವಾಗುತ್ತದೆ.

ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಅಡಗಿರಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ಮೊದಲೇ ಆಫ್ ಮಾಡಿ. ಕಂಪನಿ ಕಳಿಸುವ ಪಿಡಿಎಫ್‌ಗೆ ಹುಟ್ಟಿದ ದಿನಾಂಕವೇ ಪಾಸ್‌ವರ್ಡ್ ಆಗಿದ್ದರೆ ಅದನ್ನು ಬೀಗವೆಂದು ಎಣಿಸಲೇಬೇಡಿ. ಎಂಟು ಅಂಕಿಗೆ 10 ಕೋಟಿ ಸಾಧ್ಯತೆ ಇದ್ದರೂ ದಿನಾಂಕವೆಂದು ಗೊತ್ತಿದ್ದ ಮೇಲೆ ನೂರು ವರ್ಷಕ್ಕೆ ಸುಮಾರು 36,500 ದಿನಗಳಷ್ಟೇ. ಸಾಮಾನ್ಯ ಲ್ಯಾಪ್‌ಟಾಪ್ ನಿಮಿಷಗಳಲ್ಲಿ ಅಷ್ಟನ್ನೂ ಪ್ರಯತ್ನಿಸಿ ಮುಗಿಸುತ್ತದೆ. ಅಂಥ ಕಡತ ಡೌನ್‌ಲೋಡ್ ಫೋಲ್ಡರಿನಲ್ಲಿ, ಮೆಸೇಜ್ ಆ್ಯಪ್‌ನಲ್ಲಿ, ಗ್ಯಾಲರಿಯ ಕ್ಲೌಡ್ ಬ್ಯಾಕಪ್‌ನಲ್ಲಿ ಮೂರು ಪ್ರತಿಯಾಗಿ ಉಳಿದಿರುತ್ತದೆ. ಕ್ಲೇಮು ಇತ್ಯರ್ಥವಾದ ಮೇಲೆ ಒಂದನ್ನು ಎನ್‌ಕ್ರಿಪ್ಟ್ ಆದ (ಕೀಲಿಯಿಲ್ಲದೆ ಓದಲಾಗದ) ಜಾಗಕ್ಕೆ ಸರಿಸಿ ಉಳಿದವನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಜಾಲತಾಣದಲ್ಲೇ ಅಪ್‌ಲೋಡ್ ಮಾಡುವ ದಾರಿಯಿದ್ದರೆ ಡಿಸ್ಚಾರ್ಜ್ ಸಮ್ಮರಿಯನ್ನು ಏಜೆಂಟರಿಗೋ ಕಚೇರಿಯ ಎಚ್‌ಆರ್‌ಗೋ ಕಳಿಸಬೇಕಾಗಿಲ್ಲ. ಅದು ಎಷ್ಟು ಜನರ ಫೋನಿನಲ್ಲಿ ಉಳಿಯಿತು ಎಂಬ ಲೆಕ್ಕ ಆಮೇಲೆ ಸಿಗುವುದಿಲ್ಲ.

ಕ್ಲೇಮು ಹಾಕಿದ ಮೇಲೆ ಬರುವ ಕರೆಗಳಲ್ಲಿ ಕೆಲವು ನಕಲಿ. ‘ಫೈಲ್ ನಿಂತಿದೆ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ’ ಎಂದವರು ಕಂಪನಿಯವರಲ್ಲ. ಒಟಿಪಿ ಬಂದಾಗ ಅಂಕಿಯೊಂದನ್ನೇ ನೋಡದೆ ಸಂದೇಶ ಪೂರ್ತಿ ಓದಿ. ಅದು ಯಾತಕ್ಕೆ ಎಂದು ಅಲ್ಲೇ ಬರೆದಿರುತ್ತದೆ. ಸಂಶಯ ಬಂದರೆ ಕರೆ ಕತ್ತರಿಸಿ, ಪಾಲಿಸಿ ಪತ್ರದಲ್ಲಿರುವ ನಂಬರಿಗೆ ನೀವೇ ಮಾಡಿ.

ಕುಟುಂಬದ ಪಾಲಿಸಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಲಿಸಿ ಯಾರ ಹೆಸರಲ್ಲಿದೆಯೋ ಅವರ ಲಾಗಿನ್‌ನಲ್ಲಿ ಉಳಿದವರ ಚಿಕಿತ್ಸೆಯೂ ಕಾಣಬಹುದು, ಎಸ್‌ಎಂಎಸ್ ಕೂಡ ಅವರಿಗೇ ಹೋಗಬಹುದು. ವಯಸ್ಕ ಮಗಳು ಮನೋವೈದ್ಯರನ್ನು ಕಂಡದ್ದು ಹೀಗೆ ಅಪ್ಪನ ಫೋನಿಗೆ ಬೀಳುತ್ತದೆ. ಸದಸ್ಯರಿಗೆ ಪ್ರತ್ಯೇಕ ಲಾಗಿನ್, ಪ್ರತ್ಯೇಕ ಸಂಪರ್ಕ ವಿಳಾಸ ಕೊಡುತ್ತೀರಾ ಎಂದು ಚಿಕಿತ್ಸೆಗೆ ಮುಂಚೆಯೇ ಲಿಖಿತವಾಗಿ ಕೇಳಿ. ಆಮೇಲೆ ಕೇಳಿದರೆ ಹೋದ ಸಂದೇಶ ವಾಪಸು ಬರುವುದಿಲ್ಲ.

ಆರು ತಿಂಗಳಿಗೊಮ್ಮೆ ಕ್ಲೇಮುಗಳ ಪಟ್ಟಿ ತೆರೆದು ನೋಡಿ. ನೀವು ಹೋಗದ ಆಸ್ಪತ್ರೆ, ಮಾಡಿಸದ ಪರೀಕ್ಷೆ ಕಂಡರೆ ಬೇರೆ ಯಾರೋ ನಿಮ್ಮ ಹೆಸರಲ್ಲಿ ಚಿಕಿತ್ಸೆ ಪಡೆದಿರಬಹುದು. ಇಲ್ಲಿ ಹಣಕ್ಕಿಂತ ದೊಡ್ಡ ನಷ್ಟ ಅವರ ರಕ್ತದ ಗುಂಪು, ಅವರ ಕಾಯಿಲೆ ನಿಮ್ಮ ದಾಖಲೆಗೆ ಸೇರುವುದು. ಕಂಪನಿಗೂ ಆಸ್ಪತ್ರೆಗೂ ಇಬ್ಬರಿಗೂ ಬರೆದು, ತಿದ್ದಿದ ದಾಖಲೆಯ ಪ್ರತಿ ಪಡೆಯಿರಿ. ಮೊಬೈಲ್ ನಂಬರು ಬಿಡುವ ಮೊದಲು, ಮುಗಿದುಹೋದ ಹಳೆಯ ಪಾಲಿಸಿಗಳೂ ಸೇರಿ ಪ್ರತಿ ಖಾತೆಯಲ್ಲೂ ಹೊಸ ನಂಬರು ಹಾಕಿ. ಬಿಟ್ಟ ನಂಬರನ್ನು ಮೊಬೈಲ್ ಕಂಪನಿ ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ, ಆಗ ನಿಮ್ಮ ಒಟಿಪಿ ಹೋಗುವುದು ಅವರಿಗೆ.