ನಿಶಾಪುರದ ಬೋಗುಣಿಗಳಲ್ಲಿ ಅಕ್ಷರ ಕದಡಲಿಲ್ಲ ಏಕೆ?

ಪ್ರಶ್ನೆ: ಇರಾನಿನ ಹಳೆಯ ಬಿಳಿ ಬೋಗುಣಿಗಳ ಮೇಲೆ ಕಪ್ಪು ಅರಬ್ಬಿ ಅಕ್ಷರಗಳಿರುತ್ತವೆ. ಮೇಲೆ ಗಾಜಿನಂಥ ಗ್ಲೇಜ್ ಇದೆ. ಅದು ಆವಿಗೆಯಲ್ಲಿ ಕರಗುವಾಗ ಬರಹ ಹರಡಿಹೋಗಲಿಲ್ಲವೇ?

ಉತ್ತರ: ಹರಡಿಹೋಗಬೇಕಿತ್ತು, ಅನುಮಾನವೇ ಇಲ್ಲ. ಈಶಾನ್ಯ ಇರಾನಿನ ನಿಶಾಪುರದಲ್ಲೂ ಇಂದಿನ ಉಜ್ಬೆಕಿಸ್ತಾನದ ಸಮರ್‌ಕಂದ್‌ನಲ್ಲೂ ಸಾಮಾನಿ ದೊರೆಗಳ ಕಾಲದ (ಕ್ರಿ.ಶ. 819–999) ಕುಂಬಾರರು ಬಳಸಿದ್ದು ಸೀಸದ ಗ್ಲೇಜ್. ಅದು ಬೇಗ ಕರಗುತ್ತದೆ, ಕರಗಿದರೆ ಹರಿಯುತ್ತದೆ, ಹರಿಯುವಾಗ ಬಣ್ಣವನ್ನೂ ಎಳೆದೊಯ್ಯುತ್ತದೆ. ಅದೇ ನಿಶಾಪುರದ ಇನ್ನೊಂದು ಬಗೆಯ ಪಾತ್ರೆಗಳಲ್ಲಿ ತಾಮ್ರದ ಹಸಿರು ಅಂಚಿನಿಂದ ತಳದ ಕಡೆಗೆ ಗೆರೆಗೆರೆಯಾಗಿ ಇಳಿದಿದೆ. ಅಲ್ಲಿ ಅದೇ ಚೆಂದ. ಬರಹಕ್ಕೆ ಅದು ಒಗ್ಗದು.

ಅಕ್ಷರವನ್ನು ಹಿಡಿದು ನಿಲ್ಲಿಸಿದ್ದು ಮಣ್ಣು. ಕಪ್ಪು ಕೊಡುವ ಖನಿಜದ ಪುಡಿಯನ್ನು ಬರೀ ನೀರಿನಲ್ಲಿ ಕಲಸದೆ, ಸೋಸಿದ ಜೇಡಿಮಣ್ಣಿನ ತಿಳಿಗೆಸರಿಗೆ ಬೆರೆಸಿದರು. ಇದಕ್ಕೇ ಸ್ಲಿಪ್ ಎನ್ನುವುದು. ಗ್ಲೇಜ್ ಕರಗುವ ಶಾಖಕ್ಕೆ ಜೇಡಿಮಣ್ಣು ಕರಗುವುದಿಲ್ಲ. ಹಾಗಾಗಿ ಬಣ್ಣದ ಕಣಗಳು ಅದರೊಳಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತವೆ. ಹಿನ್ನೆಲೆಯ ಬಿಳುಪೂ ಸ್ಲಿಪ್ಪೇ. ಚೀನಾದ ಬಿಳಿ ಪಾತ್ರೆಗಳಿಗೆ ಸರಿಗಟ್ಟಲು ಇರಾಕಿನ ಬಸ್ರಾದವರು ಗ್ಲೇಜಿಗೇ ತವರ ಬೆರೆಸಿ ಬಿಳಿ ಮಾಡಿಕೊಂಡರು. ಇಲ್ಲಿಯವರು ಕೆಂಪು ಮಣ್ಣಿನ ಮೈಗೆ ಬಿಳಿ ಸ್ಲಿಪ್ ಬಳಿದು, ಅದರ ಮೇಲೆ ಕಪ್ಪು ಸ್ಲಿಪ್ಪಿನಲ್ಲಿ ಬರೆದು, ಕೊನೆಗೆ ಪಾರದರ್ಶಕ ಗ್ಲೇಜ್ ಕೊಟ್ಟರು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 10ನೇ ಶತಮಾನದ ಒಂದು ಬೋಗುಣಿಯಿದೆ. ಅಗಲ ಸುಮಾರು 46 ಸೆಂಟಿಮೀಟರ್. ಅಂಚಿನ ಸುತ್ತ ಕೂಫಿ ಎಂಬ ಹಳೆಯ ಅರಬ್ಬಿ ಬರವಣಿಗೆಯ ಒಂದೇ ಸಾಲು, ಉದ್ದನೆಯ ಕಂಬದಂಥ ಗೆರೆಗಳೆಲ್ಲ ನಡುವಿನತ್ತ ಚಾಚಿವೆ. ಕೆಲಸಕ್ಕೆ ಮೊದಲೇ ಯೋಚಿಸಿದರೆ ಆಮೇಲೆ ಪಶ್ಚಾತ್ತಾಪವಿಲ್ಲ ಎಂಬರ್ಥದ ಮಾತು, ಜೊತೆಗೊಂದು ಹಾರೈಕೆ. ಒಳಗಿನ ಉಳಿದ ಜಾಗವನ್ನು ಬಿಳಿಯಾಗಿಯೇ ಬಿಟ್ಟ ಆ ಕುಂಬಾರನ ಸಂಯಮಕ್ಕೆ ನಾನಂತೂ ಮನಸೋತಿದ್ದೇನೆ. ಇಂಥ ಕೆಲವು ಪಾತ್ರೆಗಳಲ್ಲಿ ಮೊನಚಾದ ಕಡ್ಡಿಯಿಂದ ಕಪ್ಪನ್ನು ಕೆರೆದು ಅಕ್ಷರದ ಅಂಚನ್ನು ತೀಡಿರುವುದೂ ಕಾಣುತ್ತದೆ. ಬಣ್ಣಕ್ಕೆ ಮಣ್ಣಿನ ಮೈ ಇದ್ದುದರಿಂದಲೇ ಹಾಗೆ ಕೆರೆಯಲು ಬಂತು.

ಈ ಉಪಾಯವೂ ಎಲ್ಲ ಕಡೆ ಪೂರ್ತಿ ಫಲಿಸಲಿಲ್ಲ. ನಿಶಾಪುರದ ಒಂದು ಬಗೆಯಲ್ಲಿ ಕಪ್ಪು ಗೆರೆ ನೆಟ್ಟಗೆ ನಿಂತಿದ್ದರೂ ಸುತ್ತಲಿನ ಗ್ಲೇಜ್ ಹಳದಿಯಾಗಿದೆ. ಆ ಕಪ್ಪಿನಲ್ಲಿದ್ದ ಕ್ರೋಮಿಯಂ ಸೀಸದ ಗ್ಲೇಜಿನಲ್ಲಿ ತುಸು ಕರಗಿ ಹಳದಿ ಬಿಟ್ಟಿದೆ.